ಗೂಡಿನ ಮೇಲೆ ಬರೀ 'ಊಟ' ಎಂದು ಬರೆದ ವಾದಿರಾಜರು

ವಾದಿರಾಜರು ಯಾವುದನ್ನೂ ಎರಡು ಸಲ ಹುಡುಕುವವರಲ್ಲ. ಮೂವತ್ತು ವರ್ಷದ ಹಿಂದೆ ಗಾಂಧಿಬಜಾರಿನ ಒಂದು ಅಂಗಡಿಯ ಕಾಫಿಪುಡಿ ಚೆನ್ನಾಗಿದೆ ಎಂದು ತೀರ್ಮಾನಿಸಿದರು. ಅಂಗಡಿ ಕೈ ಬದಲಾಯಿತು, ಪುಡಿಗೆ ಮಣ್ಣಿನ ವಾಸನೆ ಬಂತು, ಅವರು ಅದನ್ನೇ ಕುಡಿಯುತ್ತಿದ್ದಾರೆ. ಮನುಷ್ಯರ ವಿಷಯದಲ್ಲೂ ಅಷ್ಟೇ. ಚಾಮರಾಜಪೇಟೆಯ ನಮ್ಮ ಪುಟ್ಟ ಸಾಫ್ಟ್‌ವೇರ್ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಅವರ ಪಕ್ಕದ ಕುರ್ಚಿ ನನ್ನದು. ಸೇರಿದ ದಿನ ನನಗೆ ತಲೆನೋವಿತ್ತು. ಇವತ್ತಿಗೂ ಬೆಳಿಗ್ಗೆ ಬಂದವರೇ "ಪ್ರಿಯಂವದಾ, ತಲೆನೋವು ಹೇಗಿದೆ?" ಎನ್ನುತ್ತಾರೆ.

ನಮ್ಮ ಹೊಟ್ಟೆ ಹೊರೆಯುವವರು ಅಡುಗೆ ಕಂಟ್ರಾಕ್ಟರುಗಳು. ಜನ ಫೋನಿನಲ್ಲಿ ಹಾಕಿದ ಆರ್ಡರು ನಮ್ಮಲ್ಲಿಗೆ ಜೇಸನ್ ರೂಪದಲ್ಲಿ ಬರುತ್ತದೆ, ಎಂದರೆ ಬ್ರಾಕೆಟ್ಟುಗಳ ನಡುವೆ ಬರೀ ಅಕ್ಷರ. ಅದನ್ನು ಓದಿ ಮದುವೆಯೂಟ, ನಾಮಕರಣದೂಟ ಎಂದು ಸರಿಯಾದ ಅಚ್ಚಿಗೆ ಇಳಿಸುವ ಕೋಡಿಗೆ ಡಿಸೀರಿಯಲೈಜರ್ ಎಂದು ಹೆಸರು. ಒಂದೊಂದು ಬಗೆಗೆ ಒಂದೊಂದು. ಪ್ರತಿ ಸಲ ಹುಡುಕುತ್ತ ಕೂರುವುದು ಬೇಡವೆಂದು, ಒಮ್ಮೆ ಸಿಕ್ಕಿದ್ದನ್ನು ಕ್ಯಾಶ್ ಎಂಬ ಗೂಡಿನಲ್ಲಿಟ್ಟು ಅಲ್ಲಿಂದಲೇ ತೆಗೆದುಕೊಳ್ಳುವ ಏರ್ಪಾಟು ವಾದಿರಾಜರದು. ಆದರೆ ಗೂಡಿನ ಮೇಲೆ ಅವರು ಬರೆದದ್ದು 'ಊಟ' ಎಂದಷ್ಟೇ. ಯಾವ ಊಟ ಎಂದಿಲ್ಲ. ಮದುವೆಯೂಟ ಒಂದೇ ಇದ್ದಷ್ಟು ಕಾಲ ಅದು ನಡೆಯಿತು.

ಈ ವರ್ಷ ಒಬ್ಬ ಕಂಟ್ರಾಕ್ಟರು ನಾಮಕರಣದ ಊಟ, ಶ್ರಾದ್ಧದ ಊಟ ಎರಡನ್ನೂ ಮನೆಗೆ ತಲುಪಿಸುತ್ತೇನೆಂದರು. ಆ ಕೆಲಸಕ್ಕೆ ನಂದಿತಾ ಬಂದಳು. ಆರು ತಿಂಗಳ ಪರೀಕ್ಷೆಯ ಅವಧಿ. ಕೆಲಸ ಕಾಯಂ ಆಗಬೇಕಾದರೆ ವಾದಿರಾಜರ ಶಿಫಾರಸು ಬೇಕು. ಅವರು ಮೊದಲು ಕೇಳಿದ್ದು ಅಪ್ಪನ ಹೆಸರು, ಆಮೇಲೆ ಊರು.

"ಮಾಯಣ್ಣ ಅಂತ ಸರ್. ಮಾಗಡಿ ಕಡೆ."

"ಓಹೋ," ಎಂದರು. ಅಲ್ಲಿಗೆ ನಂದಿತಾ ಗೂಡು ಸೇರಿದಳು.

ಐದನೇ ತಿಂಗಳು ಅವಳು ತಪ್ಪು ಹಿಡಿದಳು. "ಸರ್, ಬೆಳಿಗ್ಗೆ ಮೊದಲು ಯಾವ ಊಟ ಬರತ್ತೋ, ಇಡೀ ದಿನ ಎಲ್ಲಾ ಆರ್ಡರೂ ಅದೇ ಆಗ್ಬಿಡತ್ತೆ. ಗೂಡಿಗೆ ಬಗೆಯ ಹೆಸರೂ ಸೇರಿಸ್ಬೇಕು. ಒಂದೇ ಸಾಲು, ಬರೆದು ಕಳ್ಸಿದೀನಿ."

"ಶ್ರಾದ್ಧದ ಊಟ ಏನು ಅಂತ ನಿನಗೇನಮ್ಮ ಗೊತ್ತು?" ಎಂದು ನಕ್ಕು, ಆ ತಿದ್ದುಪಡಿಯನ್ನು ತಳ್ಳಿಹಾಕಿದರು. ಅದರ ಕೆಳಗೆ ಕಾರಣವನ್ನೂ ಬರೆದರು. ಶಿಫಾರಸು ಬರೆಯುವುದಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದರು. ಅದು ಅನ್ಯಾಯವೆಂದು ಗೊತ್ತಿದ್ದೂ ನಾನು ನನ್ನ ಪರದೆಯತ್ತ ತಿರುಗಿದೆ.

ಹೊಸ ಸೇವೆ ಶುರುವಾಗುವ ದಿನವೇ ವಾದಿರಾಜರ ತಂದೆಯ ಶ್ರಾದ್ಧ. ಮೊದಲ ಶ್ರಾದ್ಧದೂಟ ತಮ್ಮ ಮನೆಗೇ ಬರಲಿ ಎಂದು ಹೆಮ್ಮೆಯಿಂದ ಆರ್ಡರು ಹಾಕಿದ್ದರು. ಅಂದು ಅದಕ್ಕಿಂತ ಮುಂಚೆ ಬಂದದ್ದು ಮಲ್ಲೇಶ್ವರದ ಒಂದು ನಾಮಕರಣ. ಹನ್ನೊಂದು ಗಂಟೆಗೆ ಬಸವನಗುಡಿಯ ಮನೆಯ ಮುಂದೆ ವ್ಯಾನು ನಿಂತಿತು. ಈರುಳ್ಳಿ ಹಾಕಿದ ಪಲಾವು, ಬಾದಾಮಿ ಹಲ್ವ, ಗುಲಾಬಿ ರಿಬ್ಬನ್ನು, ಜೊತೆಗೊಂದು ಕಾರ್ಡು: 'ನಿಮ್ಮ ಮನೆಯ ಪುಟ್ಟ ಅತಿಥಿಗೆ ಸ್ವಾಗತ.'

ಕಚೇರಿಗೆ ಫೋನ್ ಬಂತು. ವಾದಿರಾಜರು ಒದ್ದೆಪಂಚೆಯ ಮಡಿಯಲ್ಲಿದ್ದರು, ಫೋನ್ ಮುಟ್ಟುವಂತಿಲ್ಲ. ಮಗಳು ಆರಾಧನಾ ದೂರ ನಿಂತು ಸ್ಪೀಕರ್ ಹಾಕಿ ಹಿಡಿದಿದ್ದಳು. ನಾವೂ ಈ ಕಡೆ ಸ್ಪೀಕರ್ ಹಾಕಿದೆವು.

"ಗೂಡು ಖಾಲಿ ಮಾಡಿ ನಂದು ಮೊದಲು ಹಾಕ್ಬಿಡು!" ಎಂದು ಕೂಗಿದರು.

"ಹಾಗ್ ಮಾಡಿದ್ರೆ ಇವತ್ತು ಮುಂದೆ ಯಾರ ಮನೆ ನಾಮಕರಣ ಇದ್ರೂ ಶ್ರಾದ್ಧದೂಟ ಹೋಗತ್ತೆ ಸರ್," ಎಂದಳು ನಂದಿತಾ. "ನನ್ನ ತಿದ್ದುಪಡಿ ಇನ್ನೂ ಅಲ್ಲೇ ಇದೆ. ಒಪ್ಪಿಗೆ ಕೊಡೋ ಅಧಿಕಾರ ನಿಮಗೊಬ್ಬರಿಗೇ ಇರೋದು. ಮೇಡಂ, ಸರ್ ಪರವಾಗಿ ನೀವೇ ಒತ್ತಿ."

ಆರಾಧನಾ ಅಪ್ಪನ ಫೋನಿನಲ್ಲೇ ಅದನ್ನು ತೆರೆದು, ಇದೇನಾ ಎಂದು ಖಾತ್ರಿಪಡಿಸಿಕೊಳ್ಳಲು ಗಟ್ಟಿಯಾಗಿ ಓದಿದಳು. "ತಿರಸ್ಕರಿಸಲಾಗಿದೆ. ಕಾರಣ: ಇವರ ಕಡೆಯವರಿಗೆ ಇಂಥ ವಿಷಯ ತಿಳಿಯುವುದಿಲ್ಲ. ವಾದಿರಾಜ."

ಆ ಕಡೆ ಪುರೋಹಿತರ ಕೆಮ್ಮು ಕೇಳಿಸಿತು. ಆಮೇಲೆ ವಾದಿರಾಜರ ತಾಯಿ ಜಾನಕಮ್ಮನವರ ದನಿ.

"ಒತ್ತೇ, ಆ ಹುಡುಗಿ ಹೇಳಿದ್ದನ್ನ. ವಾದಿ, ನಿಮ್ಮಪ್ಪನ ಎಲೆಗೆ ಈರುಳ್ಳಿ ತಂದವನು ನೀನು, ಅವಳಲ್ಲ. ಅವಳ ಕೆಲಸಕ್ಕೇನಾದ್ರೂ ಆದ್ರೆ ಮುಂದಿನ ವರ್ಷ ಒಲೆ ಮುಂದೆ ನೀನೇ ಕೂತ್ಕೋ."

ಎರಡು ಗಂಟೆಗೆ ಸರಿಯಾದ ಊಟ ಹೋಯಿತು.

ಮರುದಿನ ನಂದಿತಾಳ ಕೆಲಸ ಕಾಯಂ ಆಯಿತು. ಶಿಫಾರಸಿನಲ್ಲಿ ವಾದಿರಾಜರು ಬರೆದಿದ್ದರು: 'ಶ್ರಾದ್ಧದೂಟದ ವಿಷಯ ಚೆನ್ನಾಗಿ ಬಲ್ಲವಳು.' ಅವಳಿಗೆ ಗೊತ್ತಿದ್ದದ್ದು ಪ್ರೋಗ್ರಾಮಿಂಗು. ಅವಳು ಪತ್ರ ಮಡಿಚಿ ಬ್ಯಾಗಿಗೆ ಹಾಕಿಕೊಂಡಳು.

ವಾದಿರಾಜರು ನನ್ನತ್ತ ತಿರುಗಿದರು. "ಪ್ರಿಯಂವದಾ, ತಲೆನೋವು ಹೇಗಿದೆ?"

"ಇಲ್ಲೇ ಪಕ್ಕದ ಕುರ್ಚೀಲಿದೆ ಸರ್," ಎಂದೆ. ಹನ್ನೊಂದು ವರ್ಷ ತಡವಾಯಿತು.