ಮಹದೇವಮ್ಮನ ಕೆಂಪು ಪುಟ

ಹೊಸ ವೆಬ್ ಪುಟ ಸಿದ್ಧವಾಯಿತೆಂದರೆ ಮಹದೇವಮ್ಮ ಮೊದಲು ಅದರ ಹಿಂದಿನ ಡೇಟಾಬೇಸನ್ನು ಬೇಕೆಂದೇ ನಿಲ್ಲಿಸಿಬಿಡುತ್ತಿದ್ದರು. ಪುಟ ಚೆಂದವಾಗಿದೆಯೇ, ಬೇಗ ತೆರೆಯುತ್ತದೆಯೇ ಎಂಬುದೆಲ್ಲ ಆಮೇಲೆ. "ಕೆಟ್ಟೋದಾಗ ಏನಂದದು, ನೋಡನ," ಎಂದು ಕನ್ನಡಕವನ್ನು ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗುತ್ತಿದ್ದರು.

ಚಾಮರಾಜನಗರದಲ್ಲಿ ಅರಿಶಿನದ ಮಂಡಿಯೊಂದರ ಮೇಲಿನ ಎರಡು ಕೋಣೆ ನಮ್ಮ ಕಚೇರಿ. ಹರದನಹಳ್ಳಿಯಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಅವರು ಹಿರಿಯ ಪ್ರೋಗ್ರಾಮರ್. ನಾನು ಅವರ ಕೈಕೆಳಗೆ. ಗುಂಡ್ಲುಪೇಟೆಯ ಡಯಾಲಿಸಿಸ್ ಕೇಂದ್ರವೊಂದಕ್ಕೆ ಬುಕಿಂಗ್ ವ್ಯವಸ್ಥೆ ಮಾಡಿಕೊಟ್ಟಿದ್ದೆವು. ಬಳಸುವವರಿಗೆ ದೋಷ ಕಾಣಬಾರದು ಎಂದು ನಮ್ಮ ಮಾಲೀಕರು ಹೇಳಿದ್ದರು. ಮಹದೇವಮ್ಮ ರಜೆಯಲ್ಲಿದ್ದ ವಾರ ನಾನು ಹಾಗೆಯೇ ಬರೆದೆ. ಸರ್ವರ್ ಕೆಟ್ಟಾಗ ೫೦೦ ಎಂಬ ದೋಷಸಂಕೇತ ಹೋಗಬೇಕು. ನಾನು ಅದನ್ನು ತಡೆದು ೨೦೦, ಅಂದರೆ ಎಲ್ಲ ಸರಿಯಾಗಿದೆ, ಎಂದು ಕಳಿಸಿದೆ. ಜೊತೆಗೊಂದು ಹಸಿರು ಪುಟ: ನಿಮ್ಮ ಕೋರಿಕೆ ತಲುಪಿದೆ, ಧನ್ಯವಾದ.

ಸರ್ವರ್ ಕೆಟ್ಟ ದಿನ ಉಡಿಗಾಲದ ರೋಗಿಯೊಬ್ಬರು ಬುಕಿಂಗ್ ಮಾಡಿದ್ದರು. ಆ ಪುಟವನ್ನು ನಂಬಿ ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದರು. ಬೇರೆ ಕೆಲಸಕ್ಕೆಂದು ಹೋಗಿದ್ದ ನಾವಿಬ್ಬರೂ ಆಗ ಕೇಂದ್ರದಲ್ಲೇ ಇದ್ದೆವು. ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಯಂತ್ರ ಒಂದೂ ಖಾಲಿ ಇರಲಿಲ್ಲ. ಬೆಂಚಿನ ಮೇಲೆ ಏದುಸಿರು ಬಿಡುತ್ತ, ಊದಿದ ಕೈಯಲ್ಲಿ ಫೋನು ಹಿಡಿದು ತೋರಿಸಿದರು. "ತಲುಪ್ಯದೆ ಅಂತ ಇದ್ರಲ್ಲೇ ಅದಲ್ಲವ್ವಾ." ಯಂತ್ರ ಸಿಕ್ಕಿದ್ದು ನಾಲ್ಕು ಗಂಟೆಯ ನಂತರ. ಅವರು ಬದುಕಿದರು. ಆ ನಾಲ್ಕು ಗಂಟೆ ನಾನು ಗೋಡೆ ಬಿಟ್ಟು ಸರಿಯಲಿಲ್ಲ.

"ಅದು ನಾನೇ ಬರ್ದಿದ್ದು," ಎಂದೆ.

"ಅಳದು ಆಮೇಕೆ ಕಣಮ್ಮಿ. ಮೊದ್ಲು ಆ ಹಸುರು ತೆಗಿ," ಎಂದರು ಮಹದೇವಮ್ಮ.

ತೆಗೆದೆ. ಅಲ್ಲೇ ಕುಳಿತು ಅವರು ಕೆಂಪು ಪುಟ ಬರೆದರು: ನಿಮ್ಮ ಬುಕಿಂಗ್ ಆಗಿಲ್ಲ. ತಪ್ಪು ನಮ್ಮದು. ಕೇಂದ್ರಕ್ಕೆ ಫೋನ್ ಮಾಡದೆ ಮನೆಯಿಂದ ಹೊರಡಬೇಡಿ.

ಮಾಲೀಕರು ಕೆಂಡವಾದರು. "ನಮ್ ಮಾನ ನಾವೇ ಕಳ್ಕಳದಾ? ನಾಳೆ ಬೇರೆ ಆಸ್ಪತ್ರೆಯೋರು ನೋಡಕ್ ಬತ್ತಾವ್ರೆ!"

"ಬರ್ಲಿ ಬುಡಿ ಸಾ. ಅವರ್ಗೂ ತೋರುಸ್ತೀನಿ."

ತೋರಿಸಿಯೇಬಿಟ್ಟರು. ಬಂದವರು ಕಾಫಿ ಕುಡಿಯುತ್ತಿರುವಾಗಲೇ ಡೇಟಾಬೇಸ್ ನಿಲ್ಲಿಸಿದರು. ಪರದೆ ತುಂಬ ಕೆಂಪು.

"ಇದೇನ್ರೀ, ಕೆಟ್ಟೋಯ್ತಾ?" ಎಂದರು ಬಂದವರಲ್ಲೊಬ್ಬರು.

"ನಾನೇ ಕೆಡ್ಸಿದ್ದು ಸಾ. ಈಗ ನಿಮ್ತಾವ ಇರದು ಕೆಟ್ರೆ ಏನಂದದು, ಗೊತ್ತಾ?"

ಅವರಿಗೆ ಗೊತ್ತಿರಲಿಲ್ಲ. ಆ ಆಸ್ಪತ್ರೆಯ ಕೆಲಸ ನಮಗೆ ಸಿಗಲೂ ಇಲ್ಲ.

ಸೋಮವಾರದಿಂದ ಬರಬೇಡಿ ಎಂದು ಮಾಲೀಕರು ಹೇಳಿದಾಗ ಮಹದೇವಮ್ಮ ಊಟದ ಡಬ್ಬಿ, ಹೆಲ್ಮೆಟ್ಟು ಎತ್ತಿಕೊಂಡರು. ಮೆಟ್ಟಿಲ ಬಳಿ ನಿಂತು, "ನಾನೇನ್ ಸತ್ತೋಯ್ತಿದ್ದೀನಾ? ಮಕ ಯಾಕಂಗ್ ಮಾಡ್ಕಂಡಿದ್ದೀಯೆ?" ಎಂದು ನಕ್ಕರು. ಆಮೇಲೆ ಅವರನ್ನು ನಾನು ನೋಡಿಲ್ಲ.

ಸೋಮವಾರ ಮಾಲೀಕರು ನನ್ನ ಮೇಜಿನ ಬಳಿ ಬಂದರು. "ಆ ಹಸುರು ಪುಟ ವಾಪಸ್ ಹಾಕಮ್ಮ."

"ಆಗಲ್ಲ ಸಾರ್," ಎಂದೆ. "ಪಾಸ್‌ವರ್ಡ್ ನಿಮ್ಮತ್ರಾನೂ ಅದೆ. ನೀವೇ ಹಾಕಿ. ಆಮೇಲೆ ಗುಂಡ್ಲುಪೇಟೆಗೆ ಹೋಗಿ, ಅದನ್ನ ನಂಬ್ಕೊಂಡು ಯಾರ್ ಬತ್ತಾರೋ, ಅವರ ಪಕ್ಕ ಬೆಂಚಲ್ಲಿ ಕೂತ್ಕೊಳಿ."

ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಮಾಲೀಕರು ಕೀಲಿಮಣೆಯತ್ತ ನೋಡಿದರು. ಕೂರಲಿಲ್ಲ.