ಲಾವೋಸಿಗೆ ಹೋಗಲು ಏಳು ಕಾರಣ

ನಮ್ಮ ಮನೆಯವರು ನೈರೋಬಿಯ ಒಂದು ಔಷಧ ಕಾರ್ಖಾನೆಯಲ್ಲಿ ಕ್ವಾಲಿಟಿ ಮ್ಯಾನೇಜರ್. ಮಾತ್ರೆ ಚೆನ್ನಾಗಿದೆಯೋ ಇಲ್ಲವೋ ನೋಡುವ ಕೆಲಸ ಅಂತ ಮದುವೆಯಾದ ಹೊಸತರಲ್ಲಿ ತಿಳಿದಿದ್ದೆ. ಅಲ್ಲ, ಅದು ಎಲ್ಲದಕ್ಕೂ ‘ಯಾಕೆ’ ಅಂತ ಕೇಳುವ ಕೆಲಸ. ಸಾರಿಗೆ ಇವತ್ತು ಬೆಲ್ಲ ಕಮ್ಮಿ, ಯಾಕೆ? ಹಾಲಿನ ಪಾತ್ರೆ ಬದಲಾಗಿದೆ, ಯಾಕೆ? ಮೊದಮೊದಲು ಉತ್ತರ ಹೇಳುತ್ತಿದ್ದೆ. ಆಮೇಲೆ ಸೌಟು ತೋರಿಸಲು ಕಲಿತೆ.

ಇದು ಎರಡು ಸಾವಿರದ ದಶಕದ ನಡುವಿನ ಮಾತು. ಆ ವರ್ಷ ನಮ್ಮ ಒಬ್ಬಳೇ ಮಗಳು ಶಾಲೆ ಮುಗಿಸಿದ್ದಳು. ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಓದಲು ಹೊರಡುವವಳು. ಆಗಸ್ಟಿನ ರಜೆಯೊಂದೇ ನಮಗೆ ಉಳಿದದ್ದು. ಹದಿನೆಂಟು ವರ್ಷ ಪ್ರತಿ ಆಗಸ್ಟಿನಲ್ಲೂ ನಾವು ಬೆಂಗಳೂರು, ಮೈಸೂರು ಅಂತ ಹೋಗಿದ್ದೇವೆ. ಹೋದರೆ ಏನಾಗುತ್ತದೆ? ಇಳಿದ ತಕ್ಷಣ ನಾನು ಯಾರದೋ ಅಡುಗೆಮನೆ ಸೇರುತ್ತೇನೆ, ಇವರು ಯಾರದೋ ವರಾಂಡದಲ್ಲಿ ಪೇಪರ್ ಹಿಡಿದು ಕೂರುತ್ತಾರೆ, ಮಗಳನ್ನು ಅವಳ ಅತ್ತೆ ಮಕ್ಕಳು ಎಳೆದುಕೊಂಡು ಹೋಗುತ್ತಾರೆ. ಮೂರು ವಾರದಲ್ಲಿ ಮೂರು ಜನ ಒಂದು ಮೇಜಿನಲ್ಲಿ ಕೂತು ಒಂದು ಪ್ಲೇಟು ಇಡ್ಲಿ ತಿಂದದ್ದಿಲ್ಲ. ಈ ಸಲವೂ ಹಾಗೇ ಆದರೆ ಅವಳು ರೆಕ್ಕೆ ಬಲಿತು ಹಾರಿಹೋಗುತ್ತಾಳೆ, ನಾನು ಬಾಯಿ ಬಾಯಿ ಬಿಡುತ್ತಾ ನಿಲ್ಲುತ್ತೇನೆ.

ನಾನು ನೈರೋಬಿಯ ಲ್ಯಾವಿಂಗ್ಟನ್ ಬಡಾವಣೆಯ ಒಂದು ಶಾಲೆಯಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದೆ. ಅಲ್ಲಿನ ಭೂಗೋಳದ ಟೀಚರ್ ಎರಡು ವರ್ಷ ಲಾವೋಸ್ ದೇಶದಲ್ಲಿ ಪಾಠ ಹೇಳಿ ಬಂದವರು. ಒಂದು ದಿನ ಅವರು ಫೋಟೋ ಆಲ್ಬಂ ತಂದು ನನ್ನ ಮೇಜಿನ ಮೇಲಿಟ್ಟರು. ಎರಡು ನದಿ ಕೂಡುವ ಕಡೆ ಒಂದು ಪುಟ್ಟ ಊರು, ಲುವಾಂಗ್ ಪ್ರಬಾಂಗ್. ಬೀದಿಗೊಂದು ಬುದ್ಧವಿಹಾರ, ಮೆಟ್ಟಿಲಿನ ಎರಡೂ ಕಡೆ ಹೆಡೆ ಎತ್ತಿದ ನಾಗಪ್ಪಗಳು. ಎಲ್ಲಿಯೂ ಜನಜಂಗುಳಿ ಇಲ್ಲ. ಆ ಆಲ್ಬಮ್ಮನ್ನು ಎರಡು ದಿನಕ್ಕೆ ಅಂತ ಮನೆಗೆ ತಂದು ಹದಿನೈದು ದಿನ ಇಟ್ಟುಕೊಂಡೆ.

ರಾತ್ರಿ ಊಟಕ್ಕೆ ಕೂತಾಗ ವಿಷಯ ತೆಗೆದೆ.

“ಲಾವೋಸಾ? ಅಲ್ಲಿ ನಮ್ಮೋರು ಯಾರಿದಾರೆ?”

“ಯಾರೂ ಇಲ್ಲ. ಅದಕ್ಕೇ ಹೋಗೋಣ ಅಂದಿದ್ದು.”

“ಊರಲ್ಲಿ ಎಲ್ಲ ಕಾಯ್ತಿರ್ತಾರೆ ಕಣೇ. ಇದ್ದಕ್ಕಿದ್ದ ಹಾಗೆ ಬದಲಾಯಿಸೋಕೆ ಆಗತ್ತಾ? ನಮ್ಮ ಫ್ಯಾಕ್ಟರೀಲಿ ಫಾರಂ ತುಂಬದೇ ಒಂದು ಬೋಲ್ಟೂ ಬದಲಾಗಲ್ಲ.”

“ಹಾಗಾದ್ರೆ ತನ್ನಿ ನಿಮ್ಮ ಫಾರಮ್ಮು!” ಅಂದುಬಿಟ್ಟೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ಆ ಮನುಷ್ಯ ಮಾರನೆಯ ದಿನ ನಿಜವಾಗಿಯೂ ತಂದರು! ‘ಚೇಂಜ್ ಕಂಟ್ರೋಲ್’ ಅಂತ ಮೇಲೆ ದಪ್ಪಕ್ಷರ. ಈಗಿನ ಪದ್ಧತಿ ಏನು, ಏನು ಬದಲಾಗಬೇಕು, ಕಾರಣಗಳೇನು, ಅಪಾಯವೇನು, ಅದಕ್ಕೆ ಪರಿಹಾರವೇನು. ಪ್ರತಿ ಕಾರಣದ ಮುಂದೆ ಕ್ವಾಲಿಟಿಯವರ ಷರಾ ಬರೆಯಲು ಒಂದು ಕಾಲಂ. ಮಗಳು ನೋಡಿ, “ಓ ಮೈ ಗಾಡ್, ಯು ಟೂ ಆರ್ ಮ್ಯಾಡ್,” ಅಂದಳು. ಅವಳು ನಮ್ಮ ಕನ್ನಡವನ್ನೆಲ್ಲ ಅರ್ಥಮಾಡಿಕೊಂಡು ಉತ್ತರವನ್ನು ಇಂಗ್ಲಿಷಿನಲ್ಲೇ ಕೊಡುವವಳು.

ಭಾನುವಾರ ಇಡೀ ಕೂತು ಬರೆದೆ. ಈಗಿನ ಪದ್ಧತಿ: ನೆಂಟರ ಮನೆ. ಬದಲಾವಣೆ: ಲಾವೋಸ್. ಕಾರಣಗಳಿಗೆ ನನಗೇನು ಬರ? ಗುರುತಿನವರು ಯಾರೂ ಇಲ್ಲವಾದ್ದರಿಂದ ಮೂರು ಹೊತ್ತೂ ಮೂವರೂ ಒಟ್ಟಿಗಿರಬಹುದು. ದೊಡ್ಡ ನದಿ, ಅದರ ಮೇಲೆ ಉದ್ದನೆಯ ದೋಣಿ. ನಾಗಪ್ಪನ ಮೆಟ್ಟಿಲುಗಳ ಹಳೆಯ ವಿಹಾರಗಳು. ಅಲ್ಲಿ ಆಗಸ್ಟಿನಲ್ಲಿ ಮಳೆಗಾಲ, ನಮ್ಮ ಸ್ವಾಮಿಗಳು ಚಾತುರ್ಮಾಸ್ಯಕ್ಕೆ ಕೂರುವ ಹಾಗೆ ಅಲ್ಲಿನ ಭಿಕ್ಷುಗಳೂ ಊರು ಬಿಡದೆ ಕೂರುತ್ತಾರೆ. ನೈರೋಬಿಯ ವೆಸ್ಟ್‌ಲ್ಯಾಂಡ್ಸಿನ ಟ್ರಾಫಿಕ್ಕಿನಲ್ಲಿ ಮಟಾಟು ಅನ್ನುವ ಬಾಡಿಗೆ ವ್ಯಾನುಗಳ ಹಾರ್ನು ಕೇಳಿ ಕೇಳಿ ಕಿವುಡಾದ ಕಿವಿಗೆ ಸ್ವಲ್ಪ ವಿಶ್ರಾಂತಿ. ಕೈಮಗ್ಗದ ರೇಷ್ಮೆ, ಇದನ್ನು ಆರನೆಯದಾಗಿ ಚಿಕ್ಕದಾಗಿ ಬರೆದೆ. ಏಳನೆಯದನ್ನು ಆಲ್ಬಂ ಮುಂದಿಟ್ಟುಕೊಂಡು ಬರೆದೆ: ಬೆಳಗಿನ ಜಾವ ಭಿಕ್ಷುಗಳು ಸಾಲಾಗಿ ಭಿಕ್ಷೆಗೆ ಬರುತ್ತಾರೆ, ಅವರಲ್ಲಿ ತುಂಬಾ ಜನ ಹಳ್ಳಿಯ ಬಡ ಹುಡುಗರು, ಓದಲಿಕ್ಕೆಂದೇ ವಿಹಾರ ಸೇರಿದವರು, ನಾವೂ ಕೈಯಾರೆ ಅನ್ನ ಹಾಕಬಹುದು, ಪುಣ್ಯ. ಅಪಾಯ: ಎಲ್ಲದಕ್ಕೂ ಮೀನಿನ ರಸ ಸುರಿಯುತ್ತಾರಂತೆ. ಪರಿಹಾರ: ಚಟ್ನಿಪುಡಿ, ಗೊಜ್ಜವಲಕ್ಕಿ, ಸಣ್ಣ ರೈಸ್ ಕುಕ್ಕರ್.

ಫಾರಂ ವಾಪಸ್ಸು ಬಂದದ್ದು ಗುರುವಾರ ಸಂಜೆ. ಗುರುವಾರ ನಮ್ಮನೆಯಲ್ಲಿ ವಿಶೇಷ ದಿನ. ಇವರದು ಉಪವಾಸ, ಸಂಜೆ ಒಂದು ಬಟ್ಟಲು ಅವಲಕ್ಕಿ ಹಾಲು ಮಾತ್ರ. ಮದುವೆಯಾದಾಗಿನಿಂದ ಒಂದು ವಾರ ತಪ್ಪಿದವರಲ್ಲ. ನಾನು ಗುರುಗಳ ಪಟಕ್ಕೆ ಹೂವಿಟ್ಟು, ತುಪ್ಪದ ದೀಪ ಹಚ್ಚಿ, ಇಂಥ ಭಕ್ತಿವಂತ ಗಂಡ ಸಿಕ್ಕಿದನಲ್ಲ ಅಂತ ಬೀಗುತ್ತಿದ್ದೆ.

ಅವಲಕ್ಕಿ ಮುಂದಿಟ್ಟು ಫಾರಂ ಕೈಗೆತ್ತಿಕೊಂಡೆ. ಹಸಿರು ಶಾಯಿಯ ಷರಾಗಳು. ನದಿಯ ಮುಂದೆ, ‘ಕಾವೇರಿ ಇದೆ’. ವಿಹಾರದ ಮುಂದೆ, ‘ನಂಜನಗೂಡು ಇದೆ’. ರೇಷ್ಮೆಯ ಮುಂದೆ, ‘ಬೀರು ಬಾಗಿಲು ಈಗಲೇ ಮುಚ್ಚುತ್ತಿಲ್ಲ’. ನನಗೆ ಉರಿದುಹೋಯಿತು. ಕೆಳಗೆ ನೋಡಿದರೆ ಏಳನೆಯದರ ಮುಂದೆ ಏನೂ ಇಲ್ಲ. ಖಾಲಿ.

ನನ್ನ ಕೈಗೆ ಸಿಕ್ಕಿಬಿದ್ದರು ಅಂತ ಕುಣಿದೆ. ಫಾರಮ್ಮಿನಲ್ಲಿ ಒಂದು ಜಾಗವನ್ನೂ ಖಾಲಿ ಬಿಡುವಂತಿಲ್ಲ ಅನ್ನುವುದು ಇವರ ವೇದ. ಏನೂ ಇಲ್ಲದಿದ್ದರೆ ಗೀಟೆಳೆದು ಸಹಿ ಹಾಕಬೇಕು. ಒಬ್ಬ ಸೂಪರ್‌ವೈಸರ್ ಹಾಗೆ ಖಾಲಿ ಬಿಟ್ಟನೆಂದು ಒಂದು ವಾರ ಮನೆಯಲ್ಲಿ ಗೊಣಗಿದವರು.

“ಏನ್ರೀ ಇದು? ಕ್ವಾಲಿಟಿ ಮ್ಯಾನೇಜರೇ ಕಾಲಂ ಖಾಲಿ ಬಿಟ್ರೆ ಕಂಪನಿ ಉದ್ಧಾರ ಆದ ಹಾಗೇ!”

ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಚಮಚವನ್ನು ಬಟ್ಟಲಿನಲ್ಲಿ ಬಿಟ್ಟು, “ಅದಕ್ಕೆ ಏನು ಬರೀಬೇಕು ಅಂತ ತಿಳೀಲಿಲ್ಲ ಕಣೇ,” ಅಂದರು. ಆಮೇಲೆ ಇಪ್ಪತ್ತು ವರ್ಷ ನನಗೆ ಹೇಳದಿದ್ದದ್ದನ್ನು ಹೇಳಿದರು.

ಮೈಸೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದಿದೆ ಅಂತ ನಮಗೆಲ್ಲ ಹೇಳಿದ್ದು ಸುಳ್ಳಂತೆ. ಓದಿದ್ದು ವಾರಾನ್ನ ಉಂಡು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಊಟಕ್ಕೆ ಬದಲಾಗಿ ಒಂದು ಮನೆಯಲ್ಲಿ ನೀರು ಸೇದುವುದು, ಇನ್ನೊಂದರಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು. ಬಡಿಸಿದಷ್ಟು ಉಂಡು, ‘ಸಾಕಮ್ಮಾ, ಹೊಟ್ಟೆ ತುಂಬಿತು’ ಅಂತ ನಗುಮುಖ ಮಾಡಿ ಏಳುವುದು. ಗುರುವಾರದ ಮನೆಯವರಿಗೆ ವರ್ಗವಾಗಿ ಅವರು ಊರು ಬಿಟ್ಟರು. ಬೇರೆ ಮನೆ ಸಿಗಲಿಲ್ಲ.

“ಶುಕ್ರವಾರದ ಮನೆ ಅಮ್ಮ ಒಂದಿನ ಕೇಳಿದ್ರು, ಗುರುವಾರ ಎಲ್ಲಿ ಊಟ ಮಾಡ್ತೀಯೋ ಅಂತ. ನಾಚಿಕೆ ಆಯ್ತು. ಗುರುಗಳಿಗೆ ಉಪವಾಸ ಅಂದ್ಬಿಟ್ಟೆ. ಆಯಮ್ಮ ಕೇರಿಗೆಲ್ಲ ಹೇಳಿ ಹೊಗಳಿದ್ರು. ಆಮೇಲೆ ಯಾರಾದ್ರೂ ಗುರುವಾರ ಊಟಕ್ಕೆ ಕರೆದ್ರೂ ಹೋಗೋ ಹಾಗಿಲ್ಲ! ನಿಮ್ಮಮ್ಮ ನನ್ನನ್ನ ಒಪ್ಪಿದ್ದೂ ಅದಕ್ಕೇ ತಾನೆ? ಹುಡುಗ ಗುರುವಾರ ಮಾಡ್ತಾನೆ ಅಂತ.”

ನಿಜ, ಅಮ್ಮ ಒಪ್ಪಿದ್ದು ಅದಕ್ಕೇ! ನನಗೆ ನಗು ಬಂತು, ನಗುತ್ತಿರುವಾಗಲೇ ಕಣ್ಣು ತುಂಬಿ ಸೆರಗು ಹುಡುಕುವಂತಾಯಿತು. ಇಪ್ಪತ್ತು ವರ್ಷ ನಾನು ಹೂವಿಟ್ಟು ಪೂಜೆ ಮಾಡಿದ್ದು ಒಬ್ಬ ಹುಡುಗನ ಹಸಿವಿಗೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಅವರ ಮೇಲೆ ಎರಡರಷ್ಟು ಬಂತು.

“ನಂಗೆ ಒಂದು ಮಾತು ಹೇಳಬಾರದಿತ್ತೇನ್ರೀ?”

“ಹೇಗೆ ಹೇಳ್ಲಿ? ಈಗ ಆ ಹುಡುಗರ ಎದುರಿಗೆ ಅನ್ನ ಹಾಕೋ ದೊಡ್ಡ ಮನುಷ್ಯನಾಗಿ ಹೋಗಿ ನಿಂತ್ಕೋ ಅಂತೀಯಲ್ಲ, ಅದು ನನ್ನ ಕೈಲಾಗಲ್ಲ. ಹಾಕೋರ ಮುಖ ಮೇಲಿಂದ ಕೆಳಗೆ ಹೇಗೆ ನೋಡತ್ತೆ ಅಂತ ನಂಗೊತ್ತು.”

ಅಲ್ಲಿಗೆ ಲಾವೋಸ್ ಮುಗಿಯಿತು ಅಂದುಕೊಂಡೆ. ಬಲವಂತ ಮಾಡುವ ಮನಸ್ಸೂ ನನಗೆ ಉಳಿದಿರಲಿಲ್ಲ. ಆಗ ಸೋಫಾದ ಮೇಲೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬಿದ್ದಿದ್ದ ಮಗಳು ಎದ್ದು ಬಂದಳು. ಹಾಡೇನೂ ಕೇಳುತ್ತಿರಲಿಲ್ಲ ಅಂತ ಅವಳ ಕೆಂಪು ಮೂಗೇ ಹೇಳುತ್ತಿತ್ತು. ಆಲ್ಬಮ್ಮನ್ನು ಅವಲಕ್ಕಿ ಬಟ್ಟಲಿನ ಪಕ್ಕ ಬಿಡಿಸಿಟ್ಟಳು.

“ಅಪ್ಪಾ, ಲುಕ್. ನೋಬಡಿ ಈಸ್ ಸ್ಟ್ಯಾಂಡಿಂಗ್.”

ಆ ಫೋಟೋವನ್ನು ಹದಿನೈದು ದಿನದಿಂದ ನೋಡುತ್ತಿದ್ದೆ, ಇದನ್ನು ನೋಡಿರಲಿಲ್ಲ. ಅನ್ನ ಹಾಕುವವರೆಲ್ಲ ಚಪ್ಪಲಿ ಬಿಟ್ಟು ರಸ್ತೆಯ ಬದಿಯ ಚಾಪೆಯ ಮೇಲೆ ಮೊಣಕಾಲೂರಿ ಕೂತಿದ್ದರು. ನಿಂತಿದ್ದವರು ಭಿಕ್ಷುಗಳು. ಇವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ಹಸಿರು ಪೆನ್ನು ತೆಗೆದು ಏಳನೆಯದರ ಮುಂದೆ ‘ಒಪ್ಪಿದೆ’ ಅಂತ ಬರೆದು, ತಾರೀಕು ಸಮೇತ ಸಹಿ ಹಾಕಿದರು.

ಮುಂದಿನ ಗುರುವಾರ ಬೆಳಿಗ್ಗೆ ಎಂಟಕ್ಕೇ ಹುಳಿ, ಪಲ್ಯ, ಶಾವಿಗೆ ಪಾಯಸ ಮಾಡಿ ಬಡಿಸಿದೆ. ಎರಡು ಸಲ ಹಾಕಿಸಿಕೊಂಡು ಉಂಡರು. ಮಧ್ಯಾಹ್ನ ಫ್ಯಾಕ್ಟರಿಯಿಂದ ಫೋನು: “ಮೀಟಿಂಗಲ್ಲಿ ತೂಕಡಿಸಿ ಮಾನ ಹೋಯ್ತು ಕಣೇ!”

ಟಿಕೆಟ್ಟಿನದು ಇನ್ನೊಂದು ಕಥೆ. ನೈರೋಬಿಯ ನ್ಗಾರಾ ಪೇಟೆಯಲ್ಲಿ ನಮಗೆ ಗೊತ್ತಿರುವ ಗುಜರಾತಿ ಏಜೆಂಟ್ ಒಬ್ಬರಿದ್ದಾರೆ. ನಮ್ಮ ಮನೆಯವರು ಅವರಿಗೆ ಫೋನಿನಲ್ಲೇ ಹೇಳಿದ್ದರು. ಟಿಕೆಟ್ ತರಲು ನಾನು ಹೋದರೆ ಆ ಹಿರಿಯರು, “ಯಾಕೆ ಬೆಹನ್, ಕಂಪನಿ ಅಲ್ಲಿ ಹೊಸ ಬ್ರಾಂಚ್ ಹಾಕ್ತಿದೆಯಾ?” ಅಂತ ಹಿಂದಿಯಲ್ಲಿ ಕೇಳಿದರು. ನೋಡಿದರೆ ಮೂರೂ ಸೀಟು ನೈಜೀರಿಯಾದ ಲಾಗೋಸಿಗೆ! ನಮ್ಮವರು ಮೈಸೂರಿನ ಬಾಯಲ್ಲಿ ‘ಲಾವೋಸು’ ಅಂದದ್ದು ಅವರ ಕಿವಿಗೆ ಹಾಗೆ ಬಿದ್ದಿತ್ತು. ಭೂಪಟ ತೆಗೆದು ಬ್ಯಾಂಕಾಕಿನಿಂದ ಮೇಲಕ್ಕೆ ಬೆರಳಿಟ್ಟು ತೋರಿಸಿದೆ. “ಮೂವತ್ತು ವರ್ಷದಲ್ಲಿ ಈ ಊರಿಗೆ ಒಬ್ಬರೂ ಕೇಳಿಲ್ಲ,” ಅಂತ ಅವರು ತಲೆ ಕೆರೆದುಕೊಂಡರು.

ಲುವಾಂಗ್ ಪ್ರಬಾಂಗಿನಲ್ಲಿ ನಾವಿದ್ದದ್ದು ಒಂಬತ್ತು ದಿನ. ನಾನು ಬರೆದದ್ದೆಲ್ಲ ಇತ್ತು, ಬರೆಯದ್ದೂ ಇತ್ತು. ನದಿಯ ದಂಡೆಯ ಚಹದಂಗಡಿಯಲ್ಲಿ ಮೂವರೂ ಕೂತು ಮಳೆ ನಿಲ್ಲುವುದನ್ನು ಕಾಯುತ್ತಾ ಎರಡೆರಡು ಗಂಟೆ ಹರಟಿದೆವು. ಮಗಳು ಅಪ್ಪನ ಮೈಸೂರಿನ ಒಂದೊಂದು ಮನೆಯನ್ನೂ ವಾರದ ಲೆಕ್ಕದಲ್ಲಿ ಕೇಳಿ ತಿಳಿದಳು. ಅಪ್ಪನೂ ಸಂಕೋಚವಿಲ್ಲದೆ ಹೇಳಿದರು, ಶನಿವಾರದ ಮನೆಯ ಅಜ್ಜಿ ಗುಟ್ಟಾಗಿ ಮಜ್ಜಿಗೆ ಅನ್ನದಡಿ ಬೆಣ್ಣೆ ಹಾಕುತ್ತಿದ್ದದ್ದು ಸಹಿತ. ನನಗೆ ಬೇಕಾಗಿದ್ದ ರಜೆ ಇದೇ.

ಮೂರನೆಯ ಬೆಳಿಗ್ಗೆ ಚಾಪೆಯ ಮೇಲೆ ಕೂತೆವು. ನಾವಿಳಿದುಕೊಂಡಿದ್ದ ಮನೆಯ ಯಜಮಾನಿ ಬಿದಿರಿನ ಪುಟ್ಟ ಬುಟ್ಟಿಗಳಲ್ಲಿ ಬಿಸಿ ಅನ್ನ ಕೊಟ್ಟಿದ್ದಳು, ಕೈಗೆ ಅಂಟುವ ಅನ್ನ. ಕಾವಿಯ ಸಾಲು ಬರಿಗಾಲಲ್ಲಿ ಬಂತು. ಮಾತಿಲ್ಲ, ನಿಲ್ಲುವುದೂ ಇಲ್ಲ. ಇವರು ಬುಟ್ಟಿಯಿಂದ ಅನ್ನ ಚಿವುಟಿ ಹಾಕತೊಡಗಿದರು. ಒಂದೊಂದು ಪಾತ್ರೆಗೂ ಒಂದೊಂದು ತುತ್ತು. ಸಾಲು ಬೀದಿ ತಿರುಗಿದ ಮೇಲೂ ಇವರು ಏಳಲಿಲ್ಲ. ಅಳುತ್ತಿದ್ದಾರೇನೋ ಅಂತ ಬಗ್ಗಿ ನೋಡಿದರೆ ಮುಖವೆಲ್ಲ ನಗು.

“ಒಬ್ಬನೂ ಥ್ಯಾಂಕ್ಸ್ ಅನ್ನಲಿಲ್ಲ, ನಗುಮುಖ ಮಾಡಲಿಲ್ಲ, ನೋಡಿದ್ಯಾ?” ಅಂದರು.

ಮಗಳನ್ನು ಇಂಗ್ಲೆಂಡಿಗೆ ಕಳಿಸಿದ ಮೇಲೆ ನೈರೋಬಿಯ ಕನ್ನಡದವರ ದೀಪಾವಳಿ ಊಟ ಬಂತು. ಉದ್ದನೆಯ ಮೇಜಿನಲ್ಲಿ ನಮ್ಮ ಎದುರಿಗೆ ಕೂತವರು ಇಲ್ಲಿಗೆ ಬಂದು ಮೂವತ್ತೈದು ವರ್ಷವಾದ ಹಿರಿಯ ಡಾಕ್ಟರು. ನಮ್ಮವರೆಲ್ಲ ಅವರ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ. ಅವರು ಹೋಳಿಗೆ ಮುರಿಯುತ್ತಾ, “ಏನಪ್ಪಾ, ಊರಿಗೆ ಹೋಗೋದು ಬಿಟ್ಟು ಅದೆಲ್ಲಿಗೋ ಹೋಗಿದ್ರಂತೆ. ಅಲ್ಲೇನಿದೆ ಅಂಥಾದ್ದು?” ಅಂದರು. ಅಕ್ಕಪಕ್ಕದವರೂ ಕಿವಿಗೊಟ್ಟರು.

ಇವರು ನದಿಯ ಹೆಸರು ಹೇಳುತ್ತಾರೆ ಅಂದುಕೊಂಡೆ.

“ಅಲ್ಲಿ ಅನ್ನ ಹಾಕೋರು ನೆಲದ ಮೇಲೆ ಕೂತಿರ್ತಾರೆ ಸಾರ್, ತಗೊಳ್ಳೋರು ನಿಂತಿರ್ತಾರೆ. ಅದನ್ನ ನೋಡೋಕೆ ಹೋಗಿದ್ದೆ. ನಾನು ಮೈಸೂರಲ್ಲಿ ವಾರಾನ್ನ ಉಂಡು ಓದಿದೋನು. ಗುರುವಾರ ಒಂದು ಮನೆ ಸಿಕ್ಕಿರಲಿಲ್ಲ.”

ಇಷ್ಟು ಜನರ ಮುಂದೆ ಹೇಳಿಬಿಟ್ಟರಲ್ಲ, ಯಾರಾದರೂ ‘ಅಯ್ಯೋ ಪಾಪ’ ಅಂದರೆ ಏನು ಗತಿ ಅಂತ ನಾನು ಅವರ ಕಡೆ ಇವರ ಕಡೆ ನೋಡಿದೆ. ಡಾಕ್ಟರು ಹೋಳಿಗೆಯ ಚೂರನ್ನು ಎಲೆಗೆ ಹಾಕಿ, ಕೈ ಒರೆಸಿಕೊಂಡರು. ಪಕ್ಕದಲ್ಲಿದ್ದ ಅವರ ಹೆಂಡತಿಯೇ ಬೆರಗಾಗಿ ತಿರುಗಿ ನೋಡುವಂತೆ ಡಾಕ್ಟರು ಮೆಲ್ಲಗೆ ಹೇಳಿದರು:

“ನಂಗೆ ಮಂಗಳವಾರದ ಮನೆ ಇರಲಿಲ್ಲ.”