ಗಿಣ್ಣು ಹಂಚಿದ ಬುಧವಾರ

ಗಂಡನ ಜೀವ ತೆಗೆದ ಎಚ್‌ಐವಿ ನನಗೂ ಇದೆ ಎಂದು ಗೊತ್ತಾದ ಮೇಲೆ, ಮಾತ್ರೆಗೆಂದು ನಾನು ಸೊರಬ ಬಿಟ್ಟು ಶಿಕಾರಿಪುರದ ಆಸ್ಪತ್ರೆಗೆ ಹೋಗುತ್ತಿದ್ದೆ. ಸೊರಬದಲ್ಲಿ ಚೀಟಿ ಹಿಡಿದು ನಿಂತರೆ ಸಂಜೆಯೊಳಗೆ ನಮ್ಮ ಬೀದಿಗೆಲ್ಲ ಸುದ್ದಿ. ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಚಿಕ್ಕಮ್ಮನ ಮಗಳ ಮನೆಗೆ ಎನ್ನುತ್ತಿದ್ದೆ. ಅಂಥವಳೊಬ್ಬಳು ಭೂಮಿಯ ಮೇಲೇ ಇಲ್ಲ.

ನಮ್ಮಂಥವರ ಸಂಸಾರಕ್ಕೆ ಆದಾಯವಾಗಲಿ ಎಂದು ಒಂದು ಸಂಸ್ಥೆಯವರು ಗಬ್ಬದ ಹಸು ಕೊಡಿಸಿದರು. ಹಾಲು ಮಾರಿ ಮಗಳ ಕಾಲೇಜು ಮುಗಿಸಬೇಕು, ನನ್ನ ಆಸೆ ಇದ್ದದ್ದು ಅಷ್ಟೇ. ಒಳ್ಳೆಯ ಜನ, ಬುದ್ಧಿ ಮಾತ್ರ ಇಲ್ಲ. ಮನೆ ಮುಂದೆ ಜೀಪು ನಿಲ್ಲಿಸಿ, ಹಗ್ಗವನ್ನು ನನ್ನ ಕೈಗಿಟ್ಟು ಫೋಟೋ ತೆಗೆದರು. ಜೀಪಿನ ಬಾಗಿಲ ಮೇಲೆ ಕಾಯಿಲೆಯ ಹೆಸರು ದಪ್ಪ ಅಕ್ಷರದಲ್ಲಿತ್ತು. ಬೀದಿಯವರು ಓದಿದರು. ಯಾರೂ ಏನೂ ಕೇಳಲಿಲ್ಲ, ನಾನೂ ಪೆದ್ದಿಯ ಹಾಗೆ ಸದ್ಯ ಬದುಕಿದೆ ಅಂದುಕೊಂಡೆ.

ಹಸು ಕರು ಹಾಕಿತು. ಮೊದಲ ದಿನಗಳ ಹಾಲನ್ನು ಬೆಲ್ಲ ಹಾಕಿ ಬೇಯಿಸಿ, ಗಿಣ್ಣು ಮಾಡಿ ಅಕ್ಕಪಕ್ಕ ಹಂಚುವುದು ನಮ್ಮಲ್ಲಿ ಪದ್ಧತಿ. ಏಲಕ್ಕಿ ಉದುರಿಸಿ ಮನೆಮನೆಗೆ ಕೊಟ್ಟುಬಂದೆ. ಎದುರು ಮನೆಯವಳು ಬಾಗಿಲಲ್ಲೇ ತಡೆದಳು.

"ಇವತ್ತು ನಮ್ಮನೇಲಿ ಎಲ್ರಿಗೂ ಒಪ್ಪತ್ತು ಕಣೆ."

ಬುಧವಾರ ಮನೆಮಂದಿಗೆಲ್ಲ ಒಪ್ಪತ್ತು ಹಿಡಿಸುವ ದೇವರು ಯಾವುದೋ ನಾನಂತೂ ಕಾಣೆ. ಉಳಿದವರು ನಗುತ್ತಲೇ ತೆಗೆದುಕೊಂಡರು. ನಮ್ಮ ಕಡೆ ಪಾತ್ರೆ ಬರಿದಾಗಿ ವಾಪಸ್ ಬರುವುದಿಲ್ಲ, ಒಂದು ಚಿಟಿಕೆ ಸಕ್ಕರೆಯಾದರೂ ಇರುತ್ತದೆ. ನನ್ನ ಪಾತ್ರೆಗಳು ವಾಪಸ್ಸೇ ಬರಲಿಲ್ಲ. ಮರುದಿನ ಚರಂಡಿಯ ಪಕ್ಕ ನಾಯಿಗಳು ಗಿಣ್ಣು ತಿನ್ನುತ್ತಿದ್ದವು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಡೇರಿಯಲ್ಲಿ ಹಾಲು ಅಳೆಯುವವನು ತಲೆ ಎತ್ತದೆ ಹೇಳಿದ: "ಬೇಜಾರು ಮಾಡ್ಕೋಬೇಡ ಅಕ್ಕ. ನಿಂದು ತಗಂಡ್ರೆ ಬೇರೆಯೋರು ಯಾರೂ ಹಾಕಲ್ಲ ಅಂತವ್ರೆ."

ಸಂಸ್ಥೆಯವರು ಬಂದು, ಹೀಗೆಲ್ಲ ಹರಡುವುದಿಲ್ಲ ಎಂದು ಬೀದಿಯವರಿಗೆ ಬಿಡಿಸಿ ಹೇಳಿದರು. ಎಲ್ಲರೂ ತಲೆಯಾಡಿಸಿದರು. ನಾನು ಮಾಡಿದ ಚಹಾವನ್ನು ಯಾರೂ ಮುಟ್ಟಲಿಲ್ಲ.

ಹಿಂಡಿ ಕೊಳ್ಳಲು ಕಾಸಿಲ್ಲದೆ ಹಸುವನ್ನು ಮಾರಿದೆ. ಕೊಂಡವಳು ಬೇರೆ ಯಾರೂ ಅಲ್ಲ, ಅದೇ ಎದುರು ಮನೆಯವಳು. ಈಗ ಬೀದಿಗೆಲ್ಲ ಅವಳದೇ ಹಾಲು, ಡೇರಿಗೂ ಅವಳದೇ. ಮಗಳು ಕಾಲೇಜು ಬಿಟ್ಟು ಶಿಕಾರಿಪುರದ ಬಟ್ಟೆ ಅಂಗಡಿಗೆ ಸೇರಿದಳು. ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ಅವಳಿಗೆ ಒಂದು ಲೋಟ ಹಾಲಾದರೂ ಬೇಕಲ್ಲ ಎಂದು, ಮಾನ ಬಿಟ್ಟು ಪಾತ್ರೆ ಹಿಡಿದು ಎದುರು ಮನೆಗೆ ಹೋಗುತ್ತೇನೆ. ಕೊಟ್ಟಿಗೆಯಲ್ಲಿ ಹಸು ನನ್ನ ದನಿ ಕೇಳಿ ತಿರುಗಿ ನೋಡುತ್ತದೆ.

"ಒಳ್ಳೆ ಗಟ್ಟಿ ಹಾಲು ನೋಡೆ," ಎನ್ನುತ್ತ ಅವಳು ಕೈ ಎತ್ತರಿಸಿ ಹೊಯ್ಯುತ್ತಾಳೆ, ಅಳತೆಯ ಲೋಟ ನನ್ನ ಪಾತ್ರೆಗೆ ತಾಗದ ಹಾಗೆ.